ಟೆಸ್ಟರಿನಲ್ಲಿ ದೀಪ ಹತ್ತಿತ್ತು

2024ರ ದೀಪಾವಳಿಗೆ ಎರಡು ದಿನ ಇದೆ ಎನ್ನುವಾಗ ನಮ್ಮ ಮನೆಯ ಟಿ.ವಿ. ಮೌನವ್ರತ ಹಿಡಿಯಿತು. ರಾತ್ರಿ ಮಲಗುವಾಗ ಚೆನ್ನಾಗಿಯೇ ಇದ್ದದ್ದು, ಬೆಳಗ್ಗೆ ರಿಮೋಟ್ ಒತ್ತಿದರೆ ಉಸಿರೇ ಇಲ್ಲ. ಕೆಳಗಿನ ಮೂಲೆಯಲ್ಲಿ ಸದಾ ಮಿಣುಕುತ್ತಿದ್ದ ಕೆಂಪು ದೀಪವೂ ಇಲ್ಲ. ಹಬ್ಬಕ್ಕೆಂದು ಮಗಳು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದಳು. ಐದು ವರ್ಷದ ಆ ಪೋರ ಸೋಫಾದ ಮೇಲೆ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದ. ನನ್ನ ಬಾಯಿಂದ ಬಂದ ಮೊದಲ ಮಾತು, "ಯಾರೋ ಇದನ್ನ ಮುಟ್ಟಿದ್ದು?"

ಮಾತು ಹೊರಬಿದ್ದ ಮರುಗಳಿಗೆಯೇ ನನಗೆ ಮೈ ಜುಮ್ಮೆಂದಿತು. ಮೊಮ್ಮಗ ಬಾಳೆಹಣ್ಣನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದ. ಮಗಳು, "ಅಮ್ಮಾ, ಅವನು ಈಗ ತಾನೇ ಎದ್ದಿದಾನೆ" ಎಂದಳು, ಸ್ವಲ್ಪ ಗಡುಸಾಗಿಯೇ. ತಾಯಿಯೊಬ್ಬಳು ಪಕ್ಕದಲ್ಲಿ ನಿಂತು ಹಾಗೆ ಹೇಳಬಲ್ಲಳು ಎಂಬುದೇ ಎಂಥ ದೊಡ್ಡ ಭಾಗ್ಯ ಎಂದು ಅವಳಿಗೆ ತಿಳಿದಿರಲಾರದು.

ಸಂಜೆ ರಿಪೇರಿಯ ಹುಡುಗ ಬಂದ. ಬಂದವನು ಟಿ.ವಿ.ಯ ಕಡೆ ನೋಡಲೇ ಇಲ್ಲ. ನೆಟ್ಟಗೆ ಹೋಗಿ ಗೋಡೆಯ ಪ್ಲಗ್ಗಿನ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತ. ಚೀಲದಿಂದ ಮೀಟರ್ ತೆಗೆದು ಅದರ ಕೆಂಪು ಕಡ್ಡಿಯನ್ನು ಒಂದು ತೂತಿಗೆ, ಕಪ್ಪು ಕಡ್ಡಿಯನ್ನು ಇನ್ನೊಂದು ತೂತಿಗೆ ಇಟ್ಟ. "228 ಇದೆ ಮೇಡಂ, ಪಾಯಿಂಟ್ ಸರಿಯಾಗಿದೆ" ಎಂದ. ಆಮೇಲೆ ವೈರು. ವೈರೂ ಸರಿ. ಆಮೇಲೆಯೇ ಟಿ.ವಿ.ಯನ್ನು ಮಂಚದ ಮೇಲೆ ಕಂಬಳಿ ಹಾಸಿ ಮಕಾಡೆ ಮಲಗಿಸಿ, ಹಿಂದಿನ ಮುಚ್ಚಳ ಬಿಚ್ಚಿದ್ದು. ಒಳಗಿನ ಹಲಗೆಯ ಮೇಲೆ ಬೆರಳ ತುದಿಯಷ್ಟು ಎತ್ತರದ ಪುಟ್ಟ ಪುಟ್ಟ ಡಬ್ಬಿಗಳು. ಕೆಪಾಸಿಟರ್ ಎನ್ನುತ್ತಾರಂತೆ. ಎಲ್ಲದರ ತಲೆಯೂ ಚಪ್ಪಟೆಯಾಗಿದ್ದರೆ ಎರಡರ ತಲೆ ಮಾತ್ರ ಉಬ್ಬಿತ್ತು. "ಬಿಸಿಗೆ ಹೀಗಾಗುತ್ತೆ ಮೇಡಂ. ಏಳೆಂಟು ವರ್ಷ ಆಯ್ತಲ್ಲ. ಯಾರೂ ಏನೂ ಮಾಡ್ಬೇಕಾಗಿಲ್ಲ, ತಾನೇ ಹೋಗುತ್ತೆ" ಎಂದ. ಎರಡು ಹೊಸದನ್ನು ಬೆಸುಗೆ ಹಾಕಿದ. ಕೆಂಪು ದೀಪ ಹತ್ತಿತು. ಮೊಮ್ಮಗ ಚಪ್ಪಾಳೆ ತಟ್ಟಿದ.

'ಯಾರೂ ಏನೂ ಮಾಡಬೇಕಾಗಿಲ್ಲ' ಎಂಬ ಆ ಮಾತು ರಾತ್ರಿಯೆಲ್ಲ ನನ್ನನ್ನು ಕೊರೆಯಿತು. 28 ವರ್ಷಗಳ ಹಿಂದೆ ನಾನು ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಇನ್ನೊಂದು ಮಗುವಿಗೆ ಕೇಳಿದ್ದೆ. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ನಾಲ್ಕು ಜನರ ಮುಂದೆ ಅವನ ಹೆಸರು ಹಿಡಿದು ಕೂಗಿದ್ದು ಸಾಕು.

ಆಗ ನಾವು ತರೀಕೆರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡ ಮತ್ತು ಸಮಾಜ ಪಾಠ. 1995ರಲ್ಲಿ ಕಂತಿನ ಮೇಲೆ 20 ಇಂಚಿನ ಕಲರ್ ಟಿ.ವಿ. ಕೊಂಡಿದ್ದೆವು. ಅದಕ್ಕೊಂದು ಸ್ಟೆಬಿಲೈಜರ್, ಮೇಲೆ ನಾನೇ ಕಸೂತಿ ಹಾಕಿದ ಹೊದಿಕೆ. ಆ ಕಾಲದಲ್ಲಿ ಟಿ.ವಿ. ಎಂದರೆ ಮನೆಯ ಸದಸ್ಯನಿದ್ದಂತೆ. ಅಲ್ಲ, ಸದಸ್ಯರಿಗಿಂತ ಒಂದು ಕೈ ಮೇಲು. ನಮ್ಮ ಯಾರಿಗೂ ಕಸೂತಿಯ ಹೊದಿಕೆ ಇರಲಿಲ್ಲ.

ಟಿ.ವಿ.ಯ ಮುಂದೆ ಯಾರು ಎಲ್ಲಿ ಕುಳಿತುಕೊಳ್ಳಬೇಕು ಎಂಬುದಕ್ಕೂ ಒಂದು ಕ್ರಮವಿತ್ತು. 1987ರ ಜನವರಿಯಿಂದ ಮರುವರ್ಷದ ಜುಲೈವರೆಗೆ ಭಾನುವಾರ ಬೆಳಗ್ಗೆ 'ರಾಮಾಯಣ' ಬರುತ್ತಿದ್ದಾಗ ನನ್ನ ತವರುಮನೆಯಲ್ಲಿ ಇದನ್ನು ನೋಡಿದ್ದೆ. ಕುರ್ಚಿಯಲ್ಲಿ ಗಂಡಸರು, ಚಾಪೆಯ ಮೇಲೆ ಹೆಂಗಸರು ಮಕ್ಕಳು, ಬಾಗಿಲ ಹೊಸ್ತಿಲಾಚೆ ಕೆಲಸದವರು. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ನನ್ನ ಮನೆಗೆ ಟಿ.ವಿ. ಬಂದಾಗ ಆ ಕ್ರಮವೂ ಅದರ ಜೊತೆಯಲ್ಲೇ ಬಂತು. ನಮ್ಮ ಮನೆಗೆಲಸದಾಕೆಯ ಮಗ ಹೊಸ್ತಿಲಾಚೆ ಕುಳಿತು ಭಾನುವಾರದ ಸಿನಿಮಾ ನೋಡುತ್ತಿದ್ದ. ಅವನು ನಮ್ಮ ಶಾಲೆಯಲ್ಲೇ 8ನೇ ತರಗತಿ. ಅಲ್ಲಿ ನನ್ನ ವಿದ್ಯಾರ್ಥಿ, ಇಲ್ಲಿ ಹೊಸ್ತಿಲಾಚೆಯ ಹುಡುಗ. ಇದರಲ್ಲಿ ಏನೋ ಎಡವಟ್ಟಿದೆ ಎಂದು ನನಗೆ ಆಗ ಅನ್ನಿಸಿರಲಿಲ್ಲ.

1996ರ ಮಾರ್ಚ್ 9, ಶನಿವಾರ. ವಿಶ್ವಕಪ್ ಕ್ರಿಕೆಟ್ಟಿನ ಕ್ವಾರ್ಟರ್ ಫೈನಲ್, ಬೆಂಗಳೂರಿನಲ್ಲಿ ಭಾರತಕ್ಕೂ ಪಾಕಿಸ್ತಾನಕ್ಕೂ ಪಂದ್ಯ. ನಮ್ಮವರು ಮೂರು ದಿನ ಮುಂಚೆಯೇ ಬೀದಿಗೆಲ್ಲ ಆಹ್ವಾನ ಕೊಟ್ಟಿದ್ದರು. ನನಗೆ ಬೆಳಗಿನ ಶಾಲೆ. ಮನೆಗೆ ಬಂದು, ಬರುವವರಿಗೆಂದು ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಹಾಲಿನಲ್ಲಿ ಜಾಗವಾಗಲೆಂದು ಆ ಹುಡುಗನನ್ನೇ ಕರೆದು, ಟಿ.ವಿ. ಸ್ಟ್ಯಾಂಡನ್ನು ಗೋಡೆಗೆ ಒತ್ತರಿಸಿ, ಹೊದಿಕೆ ತೆಗೆದು ಧೂಳು ಒರೆಸು ಎಂದು ನಾನೇ ಹೇಳಿದೆ. ಅವನು ಖುಷಿಯಿಂದ ಮಾಡಿದ. ಹೊಸ್ತಿಲಿನಿಂದ ಒಳಗೆ ಬರಲು ಅವನಿಗೆ ಸಿಕ್ಕ ಅವಕಾಶ ಅದು.

ಇಪ್ಪತ್ತು ಜನ ಸೇರಿದರು. ನಮ್ಮವರು ಸ್ವಿಚ್ ಹಾಕಿದರು. ಟಿ.ವಿ. ಹತ್ತಲಿಲ್ಲ.

ಗಂಡಸರೆಲ್ಲ ಎದ್ದರು. ಒಬ್ಬರು ಟಿ.ವಿ.ಯ ತಲೆಯ ಮೇಲೆ ತಟ್ಟಿದರು. ಮೊಂಡು ಮಕ್ಕಳಿಗೂ ಟಿ.ವಿ.ಗೂ ಆಗ ಒಂದೇ ಔಷಧ. ಇನ್ನೊಬ್ಬರು ಆಂಟೆನಾ ಸರಿಯಿಲ್ಲ ಎಂದರು. ಆಂಟೆನಾ ಸರಿಯಿಲ್ಲದಿದ್ದರೆ ಚುಕ್ಕಿ ಚುಕ್ಕಿಯಾಗಿಯಾದರೂ ಬರಬೇಕಲ್ಲ ಎಂದು ಯಾರೂ ಯೋಚಿಸಲಿಲ್ಲ. ನಮ್ಮವರು ಟೆಸ್ಟರ್ ತಂದು ಪ್ಲಗ್ಗಿನ ತೂತಿಗೆ ಇಟ್ಟರು. ಟೆಸ್ಟರಿನ ಹಿಡಿಯೊಳಗೆ ಕಿತ್ತಳೆ ಬಣ್ಣದ ಪುಟ್ಟ ದೀಪ ಹತ್ತಿತು. "ಕರೆಂಟ್ ಇದೆ. ಟಿ.ವಿ.ನೇ ಕೆಟ್ಟಿದೆ" ಎಂದು ತೀರ್ಪು ಕೊಟ್ಟರು.

"ನಿನ್ನೆ ರಾತ್ರಿ ಸರಿಯಾಗಿತ್ತಲ್ಲ" ಎಂದೆ ನಾನು. "ಇವತ್ತು ಯಾರು ಮುಟ್ಟಿದ್ದು?"

ಯಾರು ಮುಟ್ಟಿದ್ದು ಎಂದು ನನಗೆ ಗೊತ್ತಿತ್ತು. ಎಲ್ಲರೂ ಹೊಸ್ತಿಲಿನ ಕಡೆ ತಿರುಗಿದರು. ನಾನು ಅವನ ಹೆಸರು ಹಿಡಿದು ಕರೆದೆ. ಅವನ ಮುಖ ಸಣ್ಣದಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗೆ ಆಗ ನೆನಪಾಯಿತು. ಈಚೆಗೆ ಆ ಗಾದೆಯ ಮೇಲೆ ನನಗೆ ನಂಬಿಕೆ ಕಡಿಮೆಯಾಗಿದೆ. ಕದ್ದವನಷ್ಟೇ ಅಲ್ಲ, ಯಾವಾಗಲೂ ತನ್ನ ಮೇಲೆಯೇ ಗುಮಾನಿ ಬೀಳುತ್ತದೆ ಎಂದು ಅನುಭವದಿಂದ ಬಲ್ಲವನೂ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ.

"ಏನೂ ಮಾಡಿಲ್ಲ ಟೀಚರ್, ಬಟ್ಟೇಲಿ ಒರೆಸಿದೆ ಅಷ್ಟೆ" ಎಂದ. ಆಮೇಲೆ ಮೆಲ್ಲಗೆ, "ಟೀಚರ್, ಆ ಸ್ಟೆಬಿಲೈಜರ್ ದೀಪನೂ ಹತ್ತಿಲ್ಲ" ಎಂದ.

ಆ ಕೋಣೆಯಲ್ಲಿ ಅಂದು ಕಣ್ಣು ಬಿಟ್ಟು ನೋಡಿದವನು ಅವನೊಬ್ಬನೇ. ಸ್ಟೆಬಿಲೈಜರಿನ ದೀಪವೂ ಹತ್ತಿಲ್ಲವೆಂದರೆ ತೊಂದರೆ ಟಿ.ವಿ.ಯಲ್ಲಲ್ಲ, ಅದಕ್ಕಿಂತ ಹಿಂದೆ ಎಲ್ಲೋ ಇದೆ ಎಂದು ಅರ್ಥ. ನಾನು, "ಅದನ್ನೂ ಕೆಡಿಸಿದೆಯಾ?" ಎಂದು ಕಿವಿ ಹಿಂಡಿದೆ. ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದ ಅವನ ತಾಯಿ ಒದ್ದೆ ಕೈಯಲ್ಲೇ ಓಡಿಬಂದಳು. ಏನು, ಎತ್ತ ಎಂದು ಕೇಳಲಿಲ್ಲ. ಮಗನ ಬೆನ್ನಿನ ಮೇಲೆ ನಾಲ್ಕು ಬಾರಿಸಿದಳು. ಅವನ ಅಂಗಿಯ ಮೇಲೆ ಬೂದಿಯ ಕೈಯ ಗುರುತು ಮೂಡಿತು. ಅವಳು ಹೊಡೆದದ್ದು ಅವನು ತಪ್ಪು ಮಾಡಿದನೆಂದಲ್ಲ. ನಾವು ಹೊಡೆಯುವ ಮುಂಚೆ ತಾನು ಹೊಡೆದರೆ ಅಲ್ಲಿಗೆ ಮುಗಿಯುತ್ತದೆಂದು. ಅಷ್ಟೂ ಅರ್ಥವಾಗದವಳಂತೆ ನಾನು, "ನಾಳೆಯಿಂದ ಇವನನ್ನ ಕರ್ಕೊಂಡು ಬರಬೇಡ" ಎಂದೆ.

ನಮ್ಮ ನಾಲ್ಕು ವರ್ಷದ ಮಗಳು ದಿನವಿಡೀ ಆ ಟಿ.ವಿ.ಯ ಮುಂದೆಯೇ ಆಡುತ್ತಿದ್ದಳು. ಗುಂಡಿಗಳನ್ನೆಲ್ಲ ತಿರುಗಿಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ.

ಜನ ಅವಲಕ್ಕಿ ತಿಂದು ಬೇರೆ ಮನೆಗಳಿಗೆ ಚದುರಿದರು. ರಾತ್ರಿ ಭಾರತ 39 ರನ್ನುಗಳಿಂದ ಗೆದ್ದಾಗ ಬೀದಿಯಲ್ಲೆಲ್ಲ ಪಟಾಕಿ. ನಮ್ಮ ಮನೆಯಲ್ಲಿ ಮಾತ್ರ ಸೂತಕದ ಹಾಗಿತ್ತು.

ಸೋಮವಾರ ಸಂಜೆ ರಿಪೇರಿಯವರು ಬಂದರು. ನಡುವಯಸ್ಸಿನ, ಹೆಚ್ಚು ಮಾತಾಡದ ಮನುಷ್ಯ. ಅವರ ಹತ್ತಿರ ಒಂದು ಮರದ ಹಲಗೆಯಿತ್ತು. ಅದರ ಮೇಲೆ 100 ವ್ಯಾಟಿನ ಬಲ್ಬು, ಒಂದು ಸಾಕೆಟ್ಟು, ಹೊರಗೆ ಒಂದು ವೈರು. ಅದಕ್ಕೆ ಸೀರೀಸ್ ಲ್ಯಾಂಪ್ ಎನ್ನುತ್ತಿದ್ದರು. ಕೆಟ್ಟ ಟಿ.ವಿ.ಗೆ ಕರೆಂಟು ನೇರವಾಗಿ ಹೋಗದೆ ಆ ಬಲ್ಬಿನ ಮೂಲಕವೇ ಹೋಗಬೇಕು. ಟಿ.ವಿ.ಯ ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿಯುತ್ತದೆ. ಫ್ಯೂಸ್ ಹೋಗಿದ್ದರೆ ಹತ್ತುವುದೇ ಇಲ್ಲ. ಡಬ್ಬ ಬಿಚ್ಚುವ ಮೊದಲೇ ಒಳಗಿನ ಸ್ಥಿತಿ ಅರ್ಧ ತಿಳಿಯುತ್ತದೆ. ಬಿಚ್ಚುವುದೂ ಸುಲಭದ ಮಾತಲ್ಲ. ಕಲರ್ ಪಿಕ್ಚರ್ ಟ್ಯೂಬಿಗೆ 20,000 ವೋಲ್ಟಿಗಿಂತಲೂ ಹೆಚ್ಚು ಬೇಕು, ಪ್ಲಗ್ ಕಿತ್ತ ಮೇಲೂ ಅದು ಟ್ಯೂಬಿನಲ್ಲಿ ಉಳಿದಿರುತ್ತದೆ ಎಂದು ಅವರು ನಮ್ಮವರನ್ನು ದೂರ ನಿಲ್ಲಿಸಿದ್ದರು.

ಬಲ್ಬು ಹತ್ತಲಿಲ್ಲ. "ಫ್ಯೂಸಾ?" ಎಂದರು ನಮ್ಮವರು. ಅವರು ಉತ್ತರಿಸದೆ ಟಿ.ವಿ.ಯ ಪ್ಲಗ್ ಕಿತ್ತು, ಅದರ ಜಾಗದಲ್ಲಿ ಒಂದು ತುಂಡು ವೈರನ್ನು ಆ ಹಲಗೆಯ ಸಾಕೆಟ್ಟಿನ ಎರಡೂ ತೂತಿಗೆ ಸೇರಿಸಿದರು. (ನೀವು ಇದನ್ನು ಮಾಡಲು ಹೋಗಬೇಡಿ.) ಆಗಲಾದರೂ ಬಲ್ಬು ಪೂರ್ತಿ ಉರಿಯಬೇಕಿತ್ತು. ಉರಿಯಲಿಲ್ಲ.

"ಟಿ.ವಿ.ಗೆ ಏನೂ ಆಗಿಲ್ಲ ಸಾರ್. ನಿಮ್ಮ ಪಾಯಿಂಟಿನಲ್ಲೇ ಕರೆಂಟಿಲ್ಲ."

"ಟೆಸ್ಟರ್ ಹತ್ತುತ್ತಲ್ಲ!"

"ಟೆಸ್ಟರ್ ಒಂದೇ ವೈರು ನೋಡುತ್ತೆ. ಬರೋ ದಾರಿ ಇದೆ, ಹೋಗೋ ದಾರಿ ಇಲ್ಲ. ನ್ಯೂಟ್ರಲ್ ಬಿಟ್ಟಿದೆ."

ಮೇನ್ ಸ್ವಿಚ್ ತೆಗೆದು ಬೋರ್ಡ್ ಬಿಚ್ಚಿದರು. ಒಂದು ಕರಿ ವೈರು ತುದಿ ಸುಟ್ಟು, ಸ್ಕ್ರೂವಿನಿಂದ ಹೊರಗೆ ನೇತಾಡುತ್ತಿತ್ತು. ಅದನ್ನು ನನ್ನ ಕಡೆ ತೋರಿಸಿ, "ಇಲ್ಲಿ ಇಸ್ತ್ರಿಪೆಟ್ಟಿಗೆ ಹಾಕ್ತೀರಾ ಅಮ್ಮಾ?" ಎಂದರು.

ಹಾಕುತ್ತಿದ್ದೆ. ಪ್ರತಿದಿನ ಬೆಳಗ್ಗೆ ಟಿ.ವಿ.ಯ ಪ್ಲಗ್ ಕಿತ್ತು ಅದೇ ಜಾಗದಲ್ಲಿ ನನ್ನ ಸೀರೆಗೆ ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ. ಆ ಶನಿವಾರ ಬೆಳಗ್ಗೆಯೂ ಮಾಡಿಕೊಂಡೇ ಶಾಲೆಗೆ ಹೋಗಿದ್ದೆ. ಟಿ.ವಿ. 100 ವ್ಯಾಟಿನ ಆಸುಪಾಸು, ಇಸ್ತ್ರಿಪೆಟ್ಟಿಗೆ 750. ಸ್ಕ್ರೂ ಸ್ವಲ್ಪ ಸಡಿಲವಿದ್ದರೆ ಅಷ್ಟು ಕರೆಂಟು ಹಾಯುವಾಗ ಆ ಜಾಗ ಕಾಯುತ್ತದೆ, ಕಾದು ಆರಿ ಕಾದು ಆರಿ ಇನ್ನಷ್ಟು ಸಡಿಲವಾಗುತ್ತದೆ, ಕೊನೆಗೊಂದು ದಿನ ಬಿಟ್ಟುಕೊಳ್ಳುತ್ತದೆ. ಐದು ನಿಮಿಷದಲ್ಲಿ ವೈರು ಕತ್ತರಿಸಿ, ಹೊಸ ತುದಿ ಮಾಡಿ ಬಿಗಿದರು. 20 ರೂಪಾಯಿ ಕೇಳಿದರು. ನಮ್ಮವರಿಗೆ ಎಂಥ ಸಮಾಧಾನ! "ಸದ್ಯ, ಟಿ.ವಿ. ಉಳೀತು" ಎಂದು ಮೂರು ಸಲ ಹೇಳಿದರು. ರಿಪೇರಿಯವರಿಗೆ ಸುಳ್ಳು ಹೇಳಿ ಟಿ.ವಿ.ಯನ್ನು ಅಂಗಡಿಗೆ ಹೊತ್ತುಕೊಂಡು ಹೋಗುವುದು ಏನು ಕಷ್ಟವಿತ್ತು? ಒಳಗಿನದು ನೋಡಲಾರದ ನಮ್ಮಂಥವರ ಮನೆಯಲ್ಲಿ ಅವರ ಪ್ರಾಮಾಣಿಕತೆಯೊಂದೇ ಸಾಕ್ಷಿ. ಆದರೆ ನಾನು ಹೇಳಹೊರಟಿದ್ದು ಅವರ ಪ್ರಾಮಾಣಿಕತೆಯ ವಿಷಯವಲ್ಲ.

ಮರುದಿನ ಬೆಳಗ್ಗೆ ಕೆಲಸದಾಕೆ ಬಂದಾಗ ನಾನು ಹೇಳಿದ್ದು ಇಷ್ಟು: "ಅವನನ್ನ ಭಾನುವಾರ ಕಳ್ಸೇ, ಪರವಾಗಿಲ್ಲ."

ಪರವಾಗಿಲ್ಲ! ಈ ಒಂದು ಶಬ್ದವನ್ನು ನಾನು ಎಷ್ಟು ಸಲ ತಿರುಗಿಸಿ ತಿರುಗಿಸಿ ನೋಡಿದ್ದೇನೆಯೋ. ಅದು ಕಾಲು ತುಳಿಸಿಕೊಂಡವರು ತುಳಿದವರಿಗೆ ಹೇಳುವ ಮಾತು. ನಾನು ತುಳಿದವಳು. ತುಳಿದು, ಮೇಲೆ ನಾನೇ ಪರವಾಗಿಲ್ಲ ಎಂದೆ. ಅವನು ಮಾಡದ ತಪ್ಪಿಗೆ ಅವನನ್ನು ಕ್ಷಮಿಸಿದೆ. ಶನಿವಾರ ಅವನ ಮೇಲೆ ಹೊರಿಸಿದ್ದು ಅವಸರದ ತಪ್ಪು. ಆದರೆ ಮಂಗಳವಾರದ ಆ ಕ್ಷಮೆ ಎಲ್ಲವೂ ತಿಳಿದ ಮೇಲೆ ಮಾಡಿದ್ದು. ಎರಡರಲ್ಲಿ ಯಾವುದು ಹೆಚ್ಚಿನದು ಎಂದು ಕೇಳಿದರೆ ನನಗೆ ಈಗ ಅನುಮಾನವೇ ಇಲ್ಲ.

ಆಗ ನನ್ನ ಲೆಕ್ಕಾಚಾರ ಹೀಗಿತ್ತು: ಶಿಕ್ಷೆ ಹಿಂತೆಗೆದುಕೊಂಡೆನಲ್ಲ, ಅಲ್ಲಿಗೆ ಸರಿಹೋಯಿತು. ಹೋಯಿತೇ? ಆರೋಪ ಹೊರಿಸಿದ್ದು ಇಪ್ಪತ್ತು ಜನರ ಮುಂದೆ. ಬಿಡುಗಡೆ ಮಾಡಿದ್ದು ಹಿತ್ತಲ ಬಾಗಿಲಿನಲ್ಲಿ, ಅದೂ ಕಾರಣ ಹೇಳದೆ. ಆ ಇಪ್ಪತ್ತು ಜನರ ಮನಸ್ಸಿನಲ್ಲಿ ಅವನು ಟಿ.ವಿ. ಕೆಡಿಸಿದ ಹುಡುಗನಾಗಿಯೇ ಉಳಿದ. ಪಕ್ಕದ ಮನೆಯವರು ತಮ್ಮ ರೇಡಿಯೋ ಹತ್ತಿರ ಅವನನ್ನು ಸುಳಿಯಗೊಡುತ್ತಿರಲಿಲ್ಲ ಎಂದು ಆಮೇಲೆ ಕೇಳಿದೆ. ಎರಡೂ ಕಡೆಯವರ ಮಾತು ಕೇಳದೆ ಯಾರನ್ನೂ ದಂಡಿಸಬಾರದು ಎಂದು ಸಮಾಜ ಪಾಠದಲ್ಲಿ ಹೇಳಿಕೊಡುತ್ತಿದ್ದವಳು ನಾನೇ. ಅವನು ಎರಡನೇ ಸಾಲಿನಲ್ಲಿ ಕುಳಿತು ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳುತ್ತಿದ್ದ.

ನನ್ನ ಸಹೋದ್ಯೋಗಿಯೊಬ್ಬರಿಗೆ ಒಮ್ಮೆ ಇದನ್ನು ಹೇಳಿಕೊಂಡೆ. ಅವರು ಹಿರಿಯರು, ಒಳ್ಳೆಯವರು. "ಮೇಷ್ಟರಾದವರು ಮಕ್ಕಳ ಮುಂದೆ ತಪ್ಪಾಯಿತು ಎನ್ನುತ್ತಾ ಹೋದರೆ ನಾಳೆ ಕ್ಲಾಸು ನಡೆಯುವುದಿಲ್ಲ ಕಣಮ್ಮ" ಎಂದರು. ಇದು ನಿಜವೇ ಎಂದು ಯೋಚಿಸಿದೆ. ಕಪ್ಪುಹಲಗೆಯ ಮೇಲೆ ನಾನು ಒತ್ತಕ್ಷರ ತಪ್ಪಿ ಬರೆದಾಗ ಯಾವುದಾದರೂ ಹುಡುಗಿ ಎದ್ದು ಹೇಳಿದರೆ, "ಶಾಭಾಷ್" ಎಂದು ತಿದ್ದಿಕೊಳ್ಳುತ್ತಿದ್ದೆ. ನನ್ನ ಗೌರವ ಕಡಿಮೆಯಾಗಿದ್ದಿಲ್ಲ, ಹೆಚ್ಚಿತ್ತು. ಹಾಗಾದರೆ ಇಲ್ಲಿ ಏಕೆ ನಾಲಿಗೆ ಏಳಲಿಲ್ಲ? ಒತ್ತಕ್ಷರದ ತಪ್ಪಿನಿಂದ ಯಾರ ಬೆನ್ನಿಗೂ ಪೆಟ್ಟು ಬಿದ್ದಿರಲಿಲ್ಲ. ಯಾರಿಗೂ ನೋವಾಗದ ತಪ್ಪನ್ನು ಒಪ್ಪಿಕೊಳ್ಳುವುದು ಸುಲಭ, ಅದು ದೊಡ್ಡತನದ ಹಾಗೂ ಕಾಣುತ್ತದೆ. ನೋವಾದಲ್ಲಿ ಮಾತ್ರ ನಾವು 'ಹೋಗಲಿ ಬಿಡು, ಆಗಿದ್ದು ಆಗಿಹೋಯಿತು' ಎನ್ನುತ್ತೇವೆ. ಇನ್ನೂ ಒಂದು ಮಾತು, ಹೇಳಲು ನಾಚಿಕೆ: ಅವನು ಕೆಲಸದಾಕೆಯ ಮಗನಾಗಿರದೆ ಬ್ಯಾಂಕ್ ಮ್ಯಾನೇಜರರ ಮಗನಾಗಿದ್ದರೆ, ನಾನು ಅಂದೇ ಸಂಜೆ ಚಪ್ಪಲಿ ಮೆಟ್ಟಿ ಅವರ ಮನೆಗೆ ಹೋಗುತ್ತಿದ್ದೆ.

ಹುಡುಗ ಭಾನುವಾರ ಬರಲಿಲ್ಲ. ಮುಂದಿನ ಭಾನುವಾರವೂ ಇಲ್ಲ. ಶಾಲೆಯಲ್ಲಿ ಕೇಳಿದ್ದಕ್ಕೆ ಉತ್ತರ ಹೇಳುತ್ತಿದ್ದ, ಹೋಂವರ್ಕ್ ಮಾಡುತ್ತಿದ್ದ, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಒಂದು ಭಾನುವಾರ ಸಂಜೆ ತರಕಾರಿ ತರಲು ಹೊರಟಾಗ, ಆ ರಿಪೇರಿ ಅಂಗಡಿಯಲ್ಲಿ ಅವನನ್ನು ಕಂಡೆ. ಅಲ್ಲಿ ರಿಪೇರಿಯಾದ ಟಿ.ವಿ.ಗಳನ್ನು ಪರೀಕ್ಷೆಗೆಂದು ಹಾಕಿಟ್ಟಿರುತ್ತಿದ್ದರು. ಮೂರು ಟಿ.ವಿ.ಗಳಲ್ಲಿ ಒಂದೇ ಸಿನಿಮಾ, ಒಂದರಲ್ಲಿ ಬಣ್ಣವಿಲ್ಲ, ಒಂದರಲ್ಲಿ ದನಿಯಿಲ್ಲ. ಅವನು ಸ್ಟೂಲಿನ ಮೇಲೆ, ಒಳಗೆ, ಕುಳಿತಿದ್ದ. ನಾನು ರಸ್ತೆಯ ಆ ಬದಿಯಿಂದ ದಾಟಿ ಹೋದೆ.

1998ರಲ್ಲಿ ಅವನು ಎಸ್.ಎಸ್.ಎಲ್.ಸಿ. ಪಾಸಾದ. ಪೆಪ್ಪರಮಿಂಟಿನ ಪೊಟ್ಟಣ ಹಿಡಿದು ಸ್ಟಾಫ್ ರೂಮಿಗೆ ಬಂದು ಎಲ್ಲರ ಕಾಲಿಗೂ ನಮಸ್ಕರಿಸಿದ. ನನ್ನ ಕಾಲಿಗೂ ನಮಸ್ಕರಿಸಿದ. ಬಾಗಿದ ಅವನ ಬೆನ್ನನ್ನು ನೋಡುತ್ತಾ ಹೇಳಬೇಕಾದ ವಾಕ್ಯವನ್ನು ಮನಸ್ಸಿನಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಸಮೇತ ಜೋಡಿಸಿಕೊಂಡೆ. ಬಾಯಿಗೆ ಬಂದದ್ದು "ಒಳ್ಳೆಯದಾಗಲಿ" ಎಂದಷ್ಟೆ. ಅವನು ಮುಂದಿನವರ ಕಾಲಿಗೆ ಹೋದ. ಆಮೇಲೆ ಬೆಂಗಳೂರಿಗೆ ಹೋದನೆಂದು ತಿಳಿಯಿತು. ಮತ್ತೆ ನೋಡಿಲ್ಲ.

1999ರ ಜೂನ್‌ನಲ್ಲಿ ನನಗೆ ವರ್ಗವಾಯಿತು. ಸಾಮಾನು ಕಟ್ಟುವ ದಿನ ಕೆಲಸದಾಕೆಗೆಂದು ಒಂದು ಸೀರೆ, ಎರಡು ತಪ್ಪಲೆ, ಒಂದು ಕೊಳಗ ತೆಗೆದಿರಿಸಿದ್ದೆ. ಅವಳು ಹಳೇ ಸೀರೆಯೊಂದನ್ನು ನೆಲಕ್ಕೆ ಹಾಸಿ ಪಾತ್ರೆಗಳನ್ನು ಅದರಲ್ಲಿ ಜೋಡಿಸುತ್ತಿದ್ದಳು. ಇನ್ನು ಸಿಗುವುದಿಲ್ಲ ಎಂಬ ಧೈರ್ಯದಿಂದಲೋ ಏನೋ, ಹೇಳಿದೆ: "ಅವತ್ತು ಮ್ಯಾಚಿನ ದಿನ ಟಿ.ವಿ. ಕೆಡಿಸಿದ್ದು ನಿನ್ನ ಮಗ ಅಲ್ಲ ಕಣೇ. ಬೋರ್ಡಿನಲ್ಲಿ ವೈರು ಬಿಟ್ಟುಹೋಗಿತ್ತು. ನಾನು ಇಸ್ತ್ರಿ ಮಾಡಿ ಮಾಡಿ."

ಅವಳು ತಲೆ ಎತ್ತಲಿಲ್ಲ. "ಗೊತ್ತು ಬಿಡಿ ಟೀಚರಮ್ಮ. ರಿಪೇರಿ ಅಂಗ್ಡಿ ಅಣ್ಣ ಆ ವಾರನೇ ಹೇಳಿದ್ರು."

ಮೂರು ವರ್ಷ ಅವಳು ನನ್ನ ಪಾತ್ರೆ ತಿಕ್ಕಿದ್ದಳು, ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದಳು.

"ಮತ್ತೆ ನೀನು ಯಾಕೆ ಹೇಳ್ಲಿಲ್ಲ?"

"ನಿಮ್ಗೂ ಗೊತ್ತಿತ್ತಲ್ಲ" ಎಂದಳು. ಸಿಟ್ಟಿನಿಂದಲ್ಲ, ಇಷ್ಟು ದಿನ ಇಬ್ಬರಿಗೂ ತಿಳಿದಿದ್ದ ಸಂಗತಿಯನ್ನು ಈಗೇಕೆ ಎತ್ತಿದಿರಿ ಎಂಬಂತೆ. ಕೊಳಗವನ್ನು ತಿರುಗಿಸಿ ನೋಡಿದಳು. "ಇದ್ರ ಮುಚ್ಳ ಎಲ್ಲೈತೆ?"

ನಾನು ಮುಚ್ಚಳ ಹುಡುಕಲು ಒಳಗೆ ಹೋದೆ.